ಸೈಕಲ್ ಹೊತ್ತು ಕೆಸರಲ್ಲಿ ಓಡುವವರು: ಸೈಕ್ಲೋಕ್ರಾಸ್ ಎಂದರೇನು, ಹೊಸಬರು ಇಳಿಯುವುದು ಹೇಗೆ?

ಅಮೆರಿಕದ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ಸುತ್ತಮುತ್ತ ಕನ್ನಡದವರು ಕಡಿಮೆಯೇನಿಲ್ಲ. ಹಿಲ್ಸ್‌ಬರೊ, ಬೀವರ್ಟನ್ ಕಡೆ ಚಿಪ್ಪು ಮಾಡುವ ಕಂಪನಿಗಳಲ್ಲೋ ಸಾಫ್ಟ್‌ವೇರಿನಲ್ಲೋ ದುಡಿಯುವವರು. ಸೆಪ್ಟೆಂಬರ್ ಕಳೆದು ಜಿಟಿಜಿಟಿ ಮಳೆ ಹಿಡಿಯಿತೆಂದರೆ ಇವರಿಗೆಲ್ಲ ಸೋಮವಾರ ಬೆಳಿಗ್ಗೆ ಒಂದು ದೃಶ್ಯ ಕಾಣಸಿಗುತ್ತದೆ. ಪಕ್ಕದ ಮೇಜಿನವನು ಮೊಣಕೈಗೆ ಬ್ಯಾಂಡೇಜು ಸುತ್ತಿಕೊಂಡು, ಕಿವಿಯ ಹಿಂದೆ ಒಣಗಿದ ಕೆಸರಿನ ಗೆರೆ ಹಾಗೇ ಉಳಿಸಿಕೊಂಡು, ಹಲ್ಲು ಕಿರಿಯುತ್ತ ಕಾಫಿ ಹಿಡಿದು ಬರುತ್ತಾನೆ. ಏನಾಯ್ತು ಮಾರಾಯ ಎಂದು ಕೇಳಿದರೆ, ‘ನಿನ್ನೆ ಕ್ರಾಸ್ ಇತ್ತು’ ಅನ್ನುತ್ತಾನೆ. ಅಷ್ಟರಲ್ಲೇ ಎಲ್ಲ ಅರ್ಥವಾಗಿರಬೇಕು ಅನ್ನುವ ಧಾಟಿ.

ನನಗೇನೂ ಅರ್ಥವಾಗಿರಲಿಲ್ಲ. ಕ್ರಾಸ್ ಎಂದರೆ ಸೈಕ್ಲೋಕ್ರಾಸ್ ಎಂಬ ಸೈಕಲ್ ರೇಸು ಎಂದು ಆಮೇಲೆ ಗೊತ್ತಾಯಿತು. ಒಂದು ಭಾನುವಾರ ಹೋಗಿ ನೋಡಿದೆ. ಅರವತ್ತರ ಆಸುಪಾಸಿನ ಹೆಂಗಸೊಬ್ಬರು ಸೈಕಲನ್ನು ಹೆಗಲಿಗೇರಿಸಿಕೊಂಡು, ಪಾದ ಹೂತುಹೋಗುವ ಏರನ್ನು ಏದುಸಿರು ಬಿಡುತ್ತ ಹತ್ತುತ್ತಿದ್ದರು. ಬದಿಯಲ್ಲಿ ನಿಂತವರು ದನದ ಕೊರಳಿಗೆ ಕಟ್ಟುವಂಥ ಗಂಟೆ ಹಿಡಿದು ಡಣಡಣ ಬಡಿಯುತ್ತಿದ್ದರು. ಎರಡು ವರ್ಷ ನಾನೂ ಹಗ್ಗದ ಈಚೆ ನಿಂತು ಗಂಟೆ ಬಡಿದೆ. ಮೂರನೇ ವರ್ಷ ಆಚೆಗಿಳಿದೆ. ಆಗಿನಿಂದ ಪರಿಚಯದವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ: ಇದೇನು ಆಟ, ಸೈಕಲ್ ಇದ್ದೂ ಹೊತ್ತು ಓಡುವುದೇಕೆ, ನಮ್ಮಂಥವರಿಗೆ ಸಾಧ್ಯವೇ? ಬುಡದಿಂದಲೇ ಶುರು ಮಾಡೋಣ.

ಆಟ ಇಷ್ಟೇ

ಊರಹೊರಗಿನ ಪಾರ್ಕೋ, ಜಾತ್ರೆ ಮೈದಾನವೋ, ಹೊಲವೋ ಇರುತ್ತದೆ. ಅದರೊಳಗೆ ಗೂಟ ನೆಟ್ಟು, ಪ್ಲಾಸ್ಟಿಕ್ ಪಟ್ಟಿ ಎಳೆದು, ಹಾವು ಹರಿದ ಹಾಗೆ ಅಂಕುಡೊಂಕಾದ ಒಂದು ದಾರಿ ಮಾಡುತ್ತಾರೆ. ಒಂದು ಸುತ್ತು ಸುಮಾರು 2.5ರಿಂದ 3.5 ಕಿಲೋಮೀಟರ್. ಹುಲ್ಲು, ಕೆಸರು, ಮರಳು, ಜಲ್ಲಿ, ಎಲ್ಲೋ ಒಂದು ತುಣುಕು ಡಾಂಬರು. ನಡುವೆ ಗಕ್ಕನೆ ಬರುವ ತಿರುವು, ಕಡಿದಾದ ಏರು, ಕೆಲವು ಕಡೆ ಮೆಟ್ಟಿಲು. ದಾರಿಗೆ ಅಡ್ಡಲಾಗಿ ನಿಲ್ಲಿಸಿದ ಎರಡು ಮರದ ಹಲಗೆಗಳು. ಇವುಗಳ ಎತ್ತರ ಹೆಚ್ಚೆಂದರೆ 40 ಸೆಂಟಿಮೀಟರ್, ಅಂದರೆ ಮೊಣಕಾಲಿಗಿಂತ ಸ್ವಲ್ಪ ಕೆಳಗೆ. ಈ ದಾರಿಯನ್ನು ನಿಗದಿತ ಹೊತ್ತು ಸುತ್ತುತ್ತಲೇ ಇರಬೇಕು. ಸವಾರಿ ಸಾಧ್ಯವಿದ್ದಲ್ಲಿ ಸವಾರಿ, ಇಲ್ಲದಲ್ಲಿ ಇಳಿದು ಓಟ.

ಕರಾವಳಿ, ಮಲೆನಾಡು, ಕೊಡಗಿನವರಿಗೆ ಹೋಲಿಕೆ ಹುಡುಕಬೇಕಾಗಿಲ್ಲ. ಮಳೆಗಾಲದ ಕೆಸರುಗದ್ದೆ ಓಟ ನೆನೆಸಿಕೊಳ್ಳಿ. ಓಡುವವನ ಕೈಗೆ ಒಂದು ಸೈಕಲ್ ಕೊಡಿ, ಗದ್ದೆಯ ಬದುಗಳನ್ನು ಹಾಗೇ ಬಿಡಿ, ಒಂದೇ ಓಟದ ಬದಲು ಮುಕ್ಕಾಲು ಗಂಟೆ ಸುತ್ತು ಹೊಡೆಸಿ. ಬದಿಯಲ್ಲಿ ನಿಂತು ನಗುವ, ಹುರಿದುಂಬಿಸುವ ಊರಿನವರು ಎರಡೂ ಕಡೆ ಒಂದೇ ಥರದವರು.

ಜಾಗತಿಕ ಮಟ್ಟದಲ್ಲಿ ಸೈಕಲ್ ಕ್ರೀಡೆಯ ನಿಯಮ ಬರೆಯುವ ಸಂಸ್ಥೆ ಯುಸಿಐ. ಅದರ ಪ್ರಕಾರ ದಾರಿ ಎಲ್ಲೂ 3 ಮೀಟರಿಗಿಂತ ಕಿರಿದಾಗಿರಬಾರದು, ಕನಿಷ್ಠ ಶೇ. 90ರಷ್ಟು ಭಾಗ ಸವಾರಿ ಮಾಡುವಂತಿರಬೇಕು. ಹೊತ್ತು ಓಡುವ ಫೋಟೊಗಳೇ ಎಲ್ಲೆಡೆ ಕಾಣುವುದರಿಂದ ಇದನ್ನು ಓಟದ ಸ್ಪರ್ಧೆ ಅಂದುಕೊಂಡವರು ಬಹಳ. ಓಟ ಊಟದಲ್ಲಿ ಉಪ್ಪಿನಕಾಯಿಯಷ್ಟು.

ಚಳಿಗಾಲದಲ್ಲೇ ಏಕೆ?

ಸೈಕ್ಲೋಕ್ರಾಸ್ ಹುಟ್ಟಿದ್ದು ಫ್ರಾನ್ಸಿನಲ್ಲಿ, 1900ರ ಆಸುಪಾಸಿಗೆ. ಬೇಸಿಗೆಯಲ್ಲಿ ರಸ್ತೆ ರೇಸು ಆಡುತ್ತಿದ್ದವರು ಚಳಿಗಾಲದಲ್ಲಿ ಮೈ ಜಡ್ಡುಗಟ್ಟದಿರಲೆಂದು ಹೊಲ ಹಾಯ್ದು, ಬೇಲಿ ದಾಟಿ ಸವಾರಿ ಹೋಗುತ್ತಿದ್ದರು. ಓಡುವಾಗ ಮೈ ಬಿಸಿಯಾಗುತ್ತಿತ್ತು, ಮರಗಟ್ಟಿದ ಕಾಲ್ಬೆರಳಿಗೆ ಮತ್ತೆ ರಕ್ತ ಹರಿಯುತ್ತಿತ್ತು. ಡೇನಿಯಲ್ ಗೂಸೊ ಎಂಬ ಫ್ರೆಂಚ್ ಸೈನಿಕ 1902ರಲ್ಲಿ ಮೊದಲ ರಾಷ್ಟ್ರೀಯ ಸ್ಪರ್ಧೆ ಏರ್ಪಡಿಸಿದ ಎಂದು ಹೇಳುತ್ತಾರೆ. ಒಕ್ಟಾವ್ ಲಪೀಜ್ ಎಂಬ ಸವಾರ 1910ರ ಟೂರ್ ಡಿ ಫ್ರಾನ್ಸ್ ರಸ್ತೆ ರೇಸು ಗೆದ್ದು, ಅದರ ಶ್ರೇಯಸ್ಸಿನಲ್ಲಿ ಒಂದು ಪಾಲನ್ನು ಚಳಿಗಾಲದ ಈ ತಾಲೀಮಿಗೆ ಕೊಟ್ಟ ಮೇಲೆ ಆಟದ ಹೆಸರು ಹಬ್ಬಿತು. 1950ರಲ್ಲಿ ಪ್ಯಾರಿಸಿನಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಗೆದ್ದವನು ಜಾನ್ ರೋಬಿಕ್.

ಹುಟ್ಟಿದ ಮನೆ ಫ್ರಾನ್ಸಾದರೂ ಆಟ ಬೇರುಬಿಟ್ಟದ್ದು ಬೆಲ್ಜಿಯಂನ ಫ್ಲಾಂಡರ್ಸ್ ಪ್ರಾಂತ್ಯದಲ್ಲಿ. ಅಲ್ಲಿ ಚಳಿಗಾಲದ ಭಾನುವಾರ ಎಂದರೆ ಕ್ರಾಸ್. ನವೆಂಬರ್ 1ರಂದು ಕೊಪ್ಪೆನ್‌ಬರ್ಗ್ ಗುಡ್ಡದ ಜಾರು ಹುಲ್ಲುಗಾವಲಿನಲ್ಲಿ, ಕೊಕ್ಸೈಡೆಯಲ್ಲಿ ಕಡಲ ಮರಳದಿಬ್ಬಗಳ ಮೇಲೆ, ಝೊನ್‌ಹೋವನ್‌ನಲ್ಲಿ ಬಾವಿಯಂತೆ ಇಳಿಯುವ ಮರಳಗುಂಡಿಯಲ್ಲಿ. ನಮ್ಮಲ್ಲಿ ಕ್ರಿಕೆಟಿಗರ ಚಿತ್ರ ಅಂಗಡಿ ಗೋಡೆ ಮೇಲಿದ್ದ ಹಾಗೆ ಅಲ್ಲಿ ಕ್ರಾಸ್ ಸವಾರರದ್ದು. ಎರಿಕ್ ಡಿ ವ್ಲಾಮಿಂಕ್ 1966ರಿಂದ 1973ರೊಳಗೆ ಏಳು ಸಲ ವಿಶ್ವ ಚಾಂಪಿಯನ್ ಆದ. ನೆದರ್ಲೆಂಡ್ಸಿನ ಮ್ಯಾಥ್ಯೂ ವಾನ್ ಡರ್ ಪೂಲ್ 2025ರಲ್ಲಿ ಆ ಏಳನ್ನು ಮುಟ್ಟಿದ. ಹೆಂಗಸರ ವಿಶ್ವ ಸ್ಪರ್ಧೆ ಶುರುವಾದದ್ದು 2000ದಲ್ಲಿ, ಅಂದರೆ ಐವತ್ತು ವರ್ಷ ತಡವಾಗಿ. ಆದರೂ ಡಚ್ ಸವಾರಳು ಮರಿಯಾನೆ ವಾಸ್ ಎಂಟು ಸಲ ಗೆದ್ದು ಡಿ ವ್ಲಾಮಿಂಕನ ಏಳನ್ನು ಮೀರಿಸಿದ್ದಾಳೆ.

ಇತ್ತೀಚೆಗೆ ಇದರ ಹೆಸರು ಕ್ರೀಡಾಪುಟಗಳಲ್ಲಿ ಹೆಚ್ಚು ಕಾಣುವುದಕ್ಕೆ ಇನ್ನೊಂದು ಕಾರಣ, 2030ರ ಫ್ರೆಂಚ್ ಆಲ್ಪ್ಸ್ ಚಳಿಗಾಲದ ಒಲಿಂಪಿಕ್ಸಿಗೆ ಸೈಕ್ಲೋಕ್ರಾಸನ್ನು ಸೇರಿಸಬೇಕೆಂದು ಯುಸಿಐ ಪಟ್ಟು ಹಿಡಿದದ್ದು. ತೊಡಕೆಂದರೆ, ಹಿಮ ಅಥವಾ ಮಂಜುಗಡ್ಡೆಯ ಮೇಲೆ ಆಡುವುದಷ್ಟೇ ಚಳಿಗಾಲದ ಕ್ರೀಡೆ ಎನ್ನುತ್ತದೆ ಒಲಿಂಪಿಕ್ ನಿಯಮ. ಕೆಸರಿಗೆ ಅಲ್ಲಿ ಜಾಗವಿಲ್ಲ.

ಅಮೆರಿಕಕ್ಕೆ ವಿಶ್ವ ಸ್ಪರ್ಧೆ ಬಂದದ್ದು 2013ರಲ್ಲಿ, ಕೆಂಟಕಿಯ ಲೂಯಿವಿಲ್ ನಗರಕ್ಕೆ. ಯುರೋಪಿನ ಹೊರಗೆ ಅದೇ ಮೊದಲು. ಓಹಾಯೊ ನದಿ ಉಕ್ಕಿ ಮೈದಾನಕ್ಕೆ ನುಗ್ಗುವ ಭಯದಿಂದ ಎರಡು ದಿನದ ಸ್ಪರ್ಧೆಗಳನ್ನೆಲ್ಲ ಶನಿವಾರ ಒಂದೇ ದಿನಕ್ಕೆ ತುರುಕಿ ಮುಗಿಸಿದರು. ಮಳೆಗೆ ಹೆದರದ ಆಟವನ್ನೂ ಹೊಳೆ ಹೆದರಿಸಿತು.

ದೂರದ ಲೆಕ್ಕವಿಲ್ಲ, ಹೊತ್ತಿನ ಲೆಕ್ಕ

ಹೊಸಬರಿಗೆ ಈ ಆಟ ಏಕೆ ಒಗ್ಗುತ್ತದೆ ಎನ್ನುವ ಗುಟ್ಟು ಇಲ್ಲಿದೆ. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ರಸ್ತೆ ರೇಸಿನಲ್ಲಿ ಇಷ್ಟು ಕಿಲೋಮೀಟರ್ ಎಂದು ಮೊದಲೇ ಗೊತ್ತು. ಕ್ರಾಸಿನಲ್ಲಿ ಗೊತ್ತಿರುವುದು ಸಮಯ ಮಾತ್ರ. ವಿಶ್ವ ಮಟ್ಟದಲ್ಲಿ ಗಂಡಸರಿಗೆ ಸುಮಾರು 60 ನಿಮಿಷ, ಹೆಂಗಸರಿಗೆ ಸುಮಾರು 50. ಹವ್ಯಾಸಿಗಳಿಗೆ ಗುಂಪಿನ ಮೇಲೆ 30, 40 ಅಥವಾ 45 ನಿಮಿಷ. ಇದಕ್ಕೆ ಕಾರಣ ಮಣ್ಣು. ಒಣಗಿದ್ದಾಗ 6 ನಿಮಿಷಕ್ಕೆ ಮುಗಿಯುವ ಸುತ್ತು, ರಾತ್ರಿ ಒಂದು ಮಳೆ ಬಿದ್ದರೆ 9 ನಿಮಿಷ ತಿನ್ನುತ್ತದೆ. ದೂರ ಗೊತ್ತುಮಾಡಿದರೆ ಇವತ್ತಿನ ಅರ್ಧ ಗಂಟೆಯ ರೇಸು ನಾಳೆ ಮುಕ್ಕಾಲು ಗಂಟೆಯದಾಗುತ್ತದೆ, ದಿನದ ಎಂಟು ಹತ್ತು ರೇಸುಗಳ ವೇಳಾಪಟ್ಟಿ ಮೇಲೆಕೆಳಗಾಗುತ್ತದೆ.

ಸುತ್ತು ಎಷ್ಟು ಎನ್ನುವುದನ್ನು ರೇಸು ಶುರುವಾದ ಮೇಲೆ ಲೆಕ್ಕ ಹಾಕುತ್ತಾರೆ. ನಿಮ್ಮದು 40 ನಿಮಿಷದ ರೇಸು ಎನ್ನಿ. ಮುಂದಿರುವವನು ಸುತ್ತಿಗೆ 7 ನಿಮಿಷ ತೆಗೆದುಕೊಳ್ಳುತ್ತಿದ್ದಾನೆ. ಆರು ಸುತ್ತಿಗೆ 42 ನಿಮಿಷ, ಸರಿಹೋಯಿತು. ಅಧಿಕಾರಿಗಳು ಮುಕ್ತಾಯದ ಗೆರೆಯ ಬಳಿ ಫಲಕದಲ್ಲಿ ಉಳಿದ ಸುತ್ತುಗಳನ್ನು ತೋರಿಸುತ್ತ ಬರುತ್ತಾರೆ, ಕೊನೆಯ ಸುತ್ತಿಗೆ ಗಂಟೆ ಬಾರಿಸುತ್ತಾರೆ.

ಈಗ ನಿಮ್ಮ ಕಥೆ. ನೀವು ಹೊಸಬರು, ಸುತ್ತಿಗೆ 9 ನಿಮಿಷ. ಅವನು 42ನೇ ನಿಮಿಷಕ್ಕೆ ಆರನೇ ಸುತ್ತು ಮುಗಿಸಿದಾಗ ನೀವು ಐದನೆಯದರ ನಡುವೆ ಏದುಸಿರು ಬಿಡುತ್ತಿದ್ದೀರಿ. ಯಾರೂ ನಿಮ್ಮನ್ನು ಇನ್ನೊಂದು ಸುತ್ತಿಗೆ ಅಟ್ಟುವುದಿಲ್ಲ. ಐದನೆಯದನ್ನು 45ಕ್ಕೆ ಮುಗಿಸಿ ಗೆರೆ ದಾಟಿದರೆ ನಿಮ್ಮ ರೇಸೂ ಮುಗಿಯಿತು. ಫಲಿತಾಂಶದಲ್ಲಿ ‘ಒಂದು ಸುತ್ತು ಹಿಂದೆ’ ಎಂದು ಬರೆಯುತ್ತಾರೆ, ಅಷ್ಟೇ. ಮೊದಲನೆಯವನೂ ಕೊನೆಯವನೂ ಮೂರು ನಿಮಿಷದ ಅಂತರದಲ್ಲಿ ಒಂದೇ ಕಡೆ ಮಂಡಿಗೆ ಕೈಯೂರಿ ನಿಂತಿರುತ್ತಾರೆ.

ಮ್ಯಾರಥಾನಿನಲ್ಲಿ ಕೊನೆಯವರು ಬರುವ ಹೊತ್ತಿಗೆ ನೀರಿನ ಟೇಬಲ್ ಎತ್ತಿರುತ್ತಾರೆ. ರಸ್ತೆ ರೇಸಿನಲ್ಲಿ ಗುಂಪಿನಿಂದ ಒಮ್ಮೆ ಕಳಚಿದರೆ ಆಮೇಲೆಲ್ಲ ಒಂಟಿ ಸವಾರಿ, ಏಕೆಂದರೆ ಅಲ್ಲಿ ಗಾಳಿಯನ್ನು ಸೀಳುವ ಕೆಲಸ ಗುಂಪು ಹಂಚಿಕೊಳ್ಳುತ್ತದೆ. ಕ್ರಾಸಿನಲ್ಲಿ ವೇಗ ಕಡಿಮೆ, ಗಾಳಿಯ ಕಾಟವೂ ಕಡಿಮೆ. ದಾರಿ ಮಡಚಿಕೊಂಡಿರುವುದರಿಂದ ಮೈದಾನದ ಯಾವ ಮೂಲೆಯಲ್ಲೂ ನೀವು ಒಬ್ಬರೇ ಇರುವುದಿಲ್ಲ. ನಲವತ್ತೆರಡನೇ ಸ್ಥಾನಕ್ಕೆ ನೀವು ಮತ್ತು ನೀಲಿ ಜೆರ್ಸಿಯವನು ಕಾದಾಡುತ್ತಿರುತ್ತೀರಿ, ಬದಿಯಲ್ಲಿ ನಿಂತವರು ಆ ಕಾಳಗಕ್ಕೂ ಗಂಟೆ ಬಡಿಯುತ್ತಾರೆ. ನನಗೆ ಕೇಳಿದರೆ ಈ ಆಟದ ಜೀವಾಳ ಇದು.

ವೃತ್ತಿಪರರ ರೇಸಿನಲ್ಲಿ ಇಷ್ಟು ದಾಕ್ಷಿಣ್ಯವಿಲ್ಲ. ಎಲ್ಲರಿಗಿಂತ ಮುಂದಿರುವವನ ಮೊದಲ ಸುತ್ತಿನ ಸಮಯದ ಶೇ. 80ರಷ್ಟು ಹಿಂದೆ ಬಿದ್ದವರನ್ನು ದಾರಿಯಿಂದ ಹೊರಗೆ ಕಳಿಸುತ್ತಾರೆ.

ಯಾವ ಸೈಕಲ್?

ಮನೆಯಲ್ಲಿರುವುದು. ಮೌಂಟನ್ ಬೈಕ್ ಇದ್ದರೆ ಅದನ್ನೇ ಒಯ್ಯಿರಿ. ಹೊಸಬರ ಗುಂಪಿನಲ್ಲಿ ಅದಕ್ಕೆ ಅಡ್ಡಿಯಿಲ್ಲ. ಹ್ಯಾಂಡಲಿನ ತುದಿಯಲ್ಲಿ ಕೊಂಬಿನಂತೆ ಚಾಚಿದ ಹಿಡಿಗಳಿದ್ದರೆ ಬಿಚ್ಚಿಡಬೇಕು, ದಾರಿಯ ಪಟ್ಟಿಗೋ ಪಕ್ಕದವರ ಪಕ್ಕೆಗೋ ಸಿಕ್ಕಿಕೊಳ್ಳುತ್ತವೆ. ನೀರಿನ ಬಾಟಲಿಯ ಹಿಡಿಕೆಯನ್ನೂ ತೆಗೆದಿಡಿ. ಹೆಗಲಿಗೇರಿಸುವಾಗ ಅದೇ ಮೊದಲು ಚುಚ್ಚುವುದು, ಮತ್ತು 30 ನಿಮಿಷ ನೀರಿಲ್ಲದೆ ಯಾರೂ ಒಣಗುವುದಿಲ್ಲ.

ನಿಜವಾದ ಕ್ರಾಸ್ ಸೈಕಲ್ ಮೇಲ್ನೋಟಕ್ಕೆ ಟಗರಿನ ಕೊಂಬಿನ ಹ್ಯಾಂಡಲಿರುವ ರೇಸ್ ಸೈಕಲಿನ ಹಾಗೇ ಇರುತ್ತದೆ. ಹತ್ತಿರ ಹೋಗಿ ನೋಡಿದರೆ ವ್ಯತ್ಯಾಸ ಕಾಣುತ್ತದೆ. ಚಕ್ರಕ್ಕೂ ಫ್ರೇಮಿಗೂ ನಡುವೆ ಬೆರಳು ತೂರುವಷ್ಟು ಜಾಗ ಬಿಟ್ಟಿರುತ್ತಾರೆ, ಕೆಸರು ಮೆತ್ತಿ ಚಕ್ರ ಕಟ್ಟಿಕೊಳ್ಳಬಾರದೆಂದು. ಪೆಡಲ್ ತಿರುಗುವ ಅಚ್ಚು ನೆಲದಿಂದ ತುಸು ಎತ್ತರ. ಮುಂದೆ ಒಂದೇ ಹಲ್ಲುಚಕ್ರ, ಗೇರು ಬದಲಿಸುವ ತಂಟೆ ಅಷ್ಟು ಕಡಿಮೆ. ಈಗಿನವುಗಳಲ್ಲೆಲ್ಲ ಡಿಸ್ಕ್ ಬ್ರೇಕ್. ಯುಸಿಐ ಅದಕ್ಕೆ ಒಪ್ಪಿಗೆ ಕೊಟ್ಟದ್ದು 2010ರಲ್ಲಿ.

ಉನ್ನತ ಮಟ್ಟದಲ್ಲಿ ಟಯರಿನ ಅಗಲಕ್ಕೆ ಕಟ್ಟುಪಾಡಿದೆ: 33 ಮಿಲಿಮೀಟರ್, ಮೀರುವಂತಿಲ್ಲ. ನಮ್ಮ ಹಳ್ಳಿಗಳ ಕರಿ ಸೈಕಲಿನ 28 ಇಂಚಿನ ಚಕ್ರಕ್ಕೆ ಹಾಕುವ ಒಂದೂವರೆ ಇಂಚಿನ ಟಯರು 38 ಮಿಲಿಮೀಟರ್ ದಾಟುತ್ತದೆ. ಹಾಲಿನ ಕ್ಯಾನು ಹೊತ್ತ ಆ ಸೈಕಲನ್ನು ವಿಶ್ವ ಸ್ಪರ್ಧೆಯ ಗೆರೆಯಲ್ಲಿ ನಿಲ್ಲಿಸಿದರೆ ಟಯರು ದಪ್ಪವಾಯಿತೆಂದು ವಾಪಸ್ ಕಳಿಸುತ್ತಾರೆ! ಅಗಲ ಹೆಚ್ಚಿದಷ್ಟೂ ಕೆಸರು, ಮರಳು ಸಲೀಸಾಗುತ್ತದೆ. ಸಪೂರ ಟಯರಿನಲ್ಲಿ ಸವಾರನ ಕೈಚಳಕಕ್ಕೆ ಬೆಲೆ. ಹವ್ಯಾಸಿಗಳ ಟಯರನ್ನು ಸಾಮಾನ್ಯವಾಗಿ ಯಾರೂ ಅಳೆಯುವುದಿಲ್ಲ.

ದುಡ್ಡು ಖರ್ಚಿಲ್ಲದೆ ಸಿಗುವ ದೊಡ್ಡ ಲಾಭ ಗಾಳಿಯಲ್ಲಿದೆ. ರಸ್ತೆ ಸೈಕಲಿಗೆ ಕಲ್ಲಿನಂತೆ ಗಾಳಿ ತುಂಬುವುದು ರೂಢಿ. ಕ್ರಾಸಿನಲ್ಲಿ ಗಾಳಿಯ ಒತ್ತಡ 25ರಿಂದ 30 ಪಿಎಸ್‌ಐ, ಕೆಸರು ಹೆಚ್ಚಿದ್ದರೆ ಇನ್ನೂ ಕಡಿಮೆ. ಒಂಟೆಯ ಪಾದ ಮರಳಲ್ಲಿ ಹರಡಿಕೊಳ್ಳುವುದನ್ನು ನೆನೆಯಿರಿ. ಗಾಳಿ ಇಳಿಸಿದ ಟಯರು ಹಾಗೆಯೇ ನೆಲದ ಮೇಲೆ ಹರಡಿ, ಹುಲ್ಲಿನ ಬೇರು, ಕಲ್ಲುಗಳ ಸುತ್ತ ಮಡಿಸಿಕೊಂಡು ಹಿಡಿತ ಕೊಡುತ್ತದೆ. ಗಟ್ಟಿ ಟಯರು ಅದೇ ಬೇರಿನ ಮೇಲೆ ಪುಟಿದು ಜಾರುತ್ತದೆ. ಹಾಗೆಂದು ತೀರಾ ಇಳಿಸಿದರೆ ಕಲ್ಲಿಗೆ ಬಡಿದಾಗ ರಿಮ್ಮಿನ ಎರಡು ಅಂಚಿಗೆ ಟ್ಯೂಬು ಸಿಕ್ಕಿ ಹಾವು ಕಚ್ಚಿದಂತೆ ಜೋಡಿ ತೂತು ಬೀಳುತ್ತವೆ. ಟ್ಯೂಬಿಲ್ಲದೆ, ಒಳಗೆ ಅಂಟುದ್ರವ ಸುರಿದ ಟಯರಿನಲ್ಲಿ ಈ ಕಾಟವಿಲ್ಲ. ಹೆಬ್ಬೆರಳಿಂದ ಒತ್ತಿ ನೋಡುವ ಬದಲು ಮಾಪಕ ಬಳಸಿ. ಎರಡು ಪಿಎಸ್‌ಐ ಹೆಚ್ಚುಕಮ್ಮಿಯಾದರೂ ತಿರುವಿನಲ್ಲಿ ಗೊತ್ತಾಗುತ್ತದೆ.

ಚಪ್ಪಟೆ ಪೆಡಲು, ಹಳೇ ಓಟದ ಶೂ ಸಾಕು. ಕಾಲು ಕಚ್ಚಿಕೊಳ್ಳುವ ಪೆಡಲೇ ಬೇಕೆಂದರೆ ಮೌಂಟನ್ ಬೈಕಿನ ಶೂ ಕೊಳ್ಳಿ. ಪೆಡಲಿಗೆ ಕಚ್ಚಿಕೊಳ್ಳುವ ಅದರ ಕಬ್ಬಿಣದ ಬಿಲ್ಲೆ ಅಟ್ಟೆಯ ಒಳಗೆ ಹುದುಗಿರುವುದರಿಂದ ಓಡಬಹುದು. ರಸ್ತೆ ಸೈಕಲಿನ ಶೂ ಹಾಕಿ ಕೆಸರಲ್ಲಿ ಓಡುವುದೆಂದರೆ ಮರಗಾಲು ಕಟ್ಟಿಕೊಂಡು ಗದ್ದೆಗಿಳಿದಂತೆ.

ಅಂಚೆಯಣ್ಣನ ವಿದ್ಯೆ

ಹೊಸಬರಿಗೆ ಹೆದರಿಕೆ ಹುಟ್ಟಿಸುವುದು ಆ ಎರಡು ಹಲಗೆಗಳು. ಓಡುತ್ತಿರುವ ಸೈಕಲಿನಿಂದ ಇಳಿದು, ಎತ್ತಿ, ದಾಟಿ, ಮತ್ತೆ ಹತ್ತಬೇಕು. ಆದರೆ ಇದರ ಮೊದಲ ಅರ್ಧವನ್ನು ನಮ್ಮಲ್ಲಿ ಹಳೇ ತಲೆಮಾರಿನವರೆಲ್ಲ ನೋಡಿದ್ದಾರೆ. ಊರಿಗೆ ಬರುತ್ತಿದ್ದ ಅಂಚೆಯಣ್ಣ ಮನೆ ಮುಂದೆ ಸೈಕಲ್ ನಿಲ್ಲಿಸಿ ಇಳಿಯುತ್ತಿರಲಿಲ್ಲ. ಇಪ್ಪತ್ತು ಮಾರು ದೂರವಿರುವಾಗಲೇ ಬಲಗಾಲನ್ನು ಕ್ಯಾರಿಯರ್ ಮೇಲಿಂದ ಹಿಂದಕ್ಕೆ ತಂದು, ಎಡ ಪೆಡಲಿನ ಮೇಲೆ ಒಂಟಿಗಾಲಲ್ಲಿ ನಿಂತು ತೇಲಿಕೊಂಡು ಬರುತ್ತಿದ್ದ. ಜಗುಲಿ ಬಂದಾಗ ಬಲಗಾಲು ನೆಲಕ್ಕೆ ತಾಗುತ್ತಿತ್ತು, ಎರಡು ಹೆಜ್ಜೆ ಓಡಿ ನಿಲ್ಲುತ್ತಿದ್ದ. ಕ್ರಾಸಿನವರು ಇಳಿಯುವುದು ಅಕ್ಷರಶಃ ಹೀಗೆಯೇ.

ಬಿಡಿಸಿ ಹೇಳುತ್ತೇನೆ. ಹಲಗೆಗೆ ಹತ್ತಿಪ್ಪತ್ತು ಅಡಿ ಇರುವಾಗ ಬಲಗಾಲನ್ನು ಸೀಟಿನ ಹಿಂದಿನಿಂದ ಎಡಬದಿಗೆ ತನ್ನಿ. ಬಲಗೈ ಹ್ಯಾಂಡಲ್ ಬಿಟ್ಟು ಮೇಲಿನ ಅಡ್ಡ ಕಂಬಿಯನ್ನು ಹಿಡಿಯಲಿ. ಎಡಗೈ ಬ್ರೇಕಿನ ಮೇಲೇ ಇರಲಿ. ಬಲ ಪಾದ ನೆಲಕ್ಕಿಳಿಯುತ್ತದೆ, ಎಡ ಪಾದ ಪೆಡಲ್ ಬಿಡುತ್ತದೆ, ನೀವೀಗ ಓಡುತ್ತಿದ್ದೀರಿ. ಹಲಗೆ ಬಂದಾಗ ಕಂಬಿ ಹಿಡಿದ ಕೈಯಿಂದ ಸೈಕಲನ್ನು ಸೂಟ್‌ಕೇಸಿನಂತೆ ಎತ್ತಿ. ಎರಡೂ ಹಲಗೆ ದಾಟಿದ ಮೇಲೆ ಮೆಲ್ಲಗೆ ಇಳಿಸಿ. ಯಾವಾಗಲೂ ಎಡಬದಿಗೇ ಇಳಿಯುವುದು, ಏಕೆಂದರೆ ಚೈನು, ಹಲ್ಲುಚಕ್ರ ಬಲಬದಿಯಲ್ಲಿರುತ್ತವೆ. ಪ್ಯಾಂಟಿನ ಬಲಗಾಲಿಗೆ ಚೈನಿನ ಮಸಿ ತಾಗಿಸಿಕೊಂಡು ಮನೆಯಲ್ಲಿ ಬೈಸಿಕೊಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ಹತ್ತುವುದರಲ್ಲಿ ಮಾತ್ರ ಅಂಚೆಯಣ್ಣನಿಂದ ಬೇರೆಯಾಗಬೇಕು. ಅವನು ಎಡಗಾಲನ್ನು ಪೆಡಲಿನ ಮೇಲಿಟ್ಟು, ಬಲಗಾಲಲ್ಲಿ ಕುಂಟುತ್ತ ನಾಲ್ಕು ಸಲ ತಳ್ಳಿ ಆಮೇಲೆ ಕಾಲೆತ್ತಿ ಹಾಕುತ್ತಿದ್ದ. ಕೆಸರಿನಲ್ಲಿ ಹಾಗೆ ಮಾಡಿದರೆ ಸೈಕಲ್ ನಿಂತೇಬಿಡುತ್ತದೆ. ಕ್ರಾಸಿನಲ್ಲಿ ಓಡುತ್ತಲೇ ಎರಡೂ ಕೈ ಹ್ಯಾಂಡಲಿಗೆ ತಂದು, ಎಡಗಾಲಿಂದ ನೆಲ ಒದ್ದು ಚಿಮ್ಮಿ, ಬಲತೊಡೆಯ ಒಳಬದಿ ಸೀಟಿಗೆ ತಾಗುವಂತೆ ಜಾರಿ ಕೂರಬೇಕು. ನೆಗೆತ ಮೇಲಕ್ಕಲ್ಲ, ಮುಂದಕ್ಕೆ. ನೇರ ಮೇಲೆ ಹಾರಿ ಸೀಟಿನ ಮೇಲೆ ಧೊಪ್ಪನೆ ಕೂತರೆ ಏನಾಗುತ್ತದೆಂದು ಗಂಡಸರಿಗೆ ಬಿಡಿಸಿ ಹೇಳುವ ಅಗತ್ಯವಿಲ್ಲ. ಎಲ್ಲರೂ ಮೊದಲು ಮಾಡುವ ತಪ್ಪೆಂದರೆ ನೆಗೆಯುವ ಮುನ್ನ ಅನುಮಾನದಿಂದ ಎರಡು ಪುಟ್ಟ ಹೆಜ್ಜೆ ಕುಣಿಯುವುದು. ಅದು ಹೋಗುವುದಕ್ಕೆ ನನಗೆ ಒಂದು ತಿಂಗಳು ಬೇಕಾಯಿತು. ಪಾರ್ಕಿನ ಹುಲ್ಲಿನಲ್ಲಿ, ನಡಿಗೆಯ ವೇಗದಲ್ಲಿ, ಹಲಗೆಯ ಬದಲು ನೆಲದ ಮೇಲೆ ಒಂದು ಕೋಲು ಮಲಗಿಸಿಕೊಂಡು, ದಿನಕ್ಕೆ ಹದಿನೈದು ನಿಮಿಷ.

ಏರು ಉದ್ದವಿದ್ದರೆ ಸೂಟ್‌ಕೇಸಿನಂತೆ ಹಿಡಿದು ಓಡಲಾಗದು, ಹೆಗಲಿಗೇರಿಸಬೇಕು. ಕೆಳಗಿನ ಓರೆ ಕಂಬಿಯನ್ನು ಹಿಡಿದೆತ್ತಿ ಮೇಲಿನ ಕಂಬಿಯನ್ನು ಬಲಹೆಗಲ ಮೇಲಿಟ್ಟು, ಬಲಗೈಯನ್ನು ಓರೆ ಕಂಬಿಯ ಕೆಳಗಿನಿಂದ ಚಾಚಿ ಹ್ಯಾಂಡಲಿನ ಎಡತುದಿ ಹಿಡಿದರೆ ಸೈಕಲ್ ಅಲುಗದೆ ಬೆನ್ನಿಗಂಟುತ್ತದೆ. ಎಡಗೈ ಬೀಸುವುದಕ್ಕೆ, ಬಿದ್ದರೆ ಊರುವುದಕ್ಕೆ ಖಾಲಿ.

ಮರಳಿನ ಪಾಠ ಮಲ್ಪೆಯಲ್ಲೋ ಕಾರವಾರದಲ್ಲೋ ಸೈಕಲ್ ಓಡಿಸಲು ಹೋಗಿ ಬಿದ್ದವರಿಗೆ ಅರ್ಧ ಬಂದಿರುತ್ತದೆ. ವೇಗವಾಗಿ ಒಳಹೊಕ್ಕು, ಮೈಭಾರ ಹಿಂದಿಟ್ಟು, ಹ್ಯಾಂಡಲನ್ನು ಬಿಗಿಹಿಡಿಯದೆ ತುಳಿಯುತ್ತಲೇ ಇರಬೇಕು. ಮುಂಚಕ್ರ ತಾನಾಗಿ ಗಾಡಿಜಾಡು ಹುಡುಕಿಕೊಳ್ಳುತ್ತದೆ, ಅದರೊಂದಿಗೆ ಜಗಳಕ್ಕಿಳಿದವರು ಮರಳು ಮುಕ್ಕುತ್ತಾರೆ. ತಿರುವಿನಲ್ಲಿ ಬ್ರೇಕು ಮೊದಲೇ ಹಾಕಿ ಮುಗಿಸಿ, ಕಣ್ಣು ತಿರುವಿನಾಚೆಗೆ ಇರಲಿ.

ಮೊದಲ ದಿನ

ಆರೆಗಾನಿನಲ್ಲಿ ಹವ್ಯಾಸಿ ರೇಸುಗಳ ಉಸ್ತುವಾರಿ ಆರೆಗಾನ್ ಬೈಸಿಕಲ್ ರೇಸಿಂಗ್ ಅಸೋಸಿಯೇಷನ್ನಿನದು. ಜನ ಒಬ್ರಾ ಅನ್ನುತ್ತಾರೆ. ಇಲ್ಲಿನ ಹೆಸರುವಾಸಿ ಸರಣಿ ಕ್ರಾಸ್ ಕ್ರುಸೇಡ್. ಅದರ ಉಚ್ಛ್ರಾಯದ ವರ್ಷಗಳಲ್ಲಿ ಒಂದೇ ಭಾನುವಾರ ಸಾವಿರಕ್ಕೂ ಹೆಚ್ಚು ಜನ ಗೆರೆಗೆ ಬಂದದ್ದುಂಟು. ಬೇರೆ ರಾಜ್ಯಗಳಲ್ಲಿ ಹೆಚ್ಚಿನ ಕಡೆ ಯುಎಸ್‌ಎ ಸೈಕ್ಲಿಂಗ್ ಸಂಸ್ಥೆಯ ನಿಯಮ ನಡೆಯುತ್ತದೆ. ಅಲ್ಲಿ ಹೊಸಬರು ಐದನೇ ದರ್ಜೆಯಿಂದ ಶುರುಮಾಡಿ ಒಂದನೆಯದರತ್ತ ಏರುತ್ತಾರೆ. ಇಂಗ್ಲೆಂಡಿನಲ್ಲಿ ಪ್ರಾಂತ್ಯವಾರು ಲೀಗುಗಳಿವೆ. ಸಾಮಾನ್ಯವಾಗಿ ಒಂದು ದಿನದ ಪರವಾನಗಿ ಕೊಂಡು ರೇಸಿಗಿಳಿಯಬಹುದು, ವರ್ಷದ್ದು ಆಮೇಲೆ ನೋಡಿಕೊಂಡರಾಯಿತು. ವಯಸ್ಸು 35 ದಾಟಿದವರಿಗೆ, 50 ದಾಟಿದವರಿಗೆ ಬೇರೆ ಬೇರೆ ಗುಂಪು. ಒಂದೇ ಗೇರಿನ ಸೈಕಲಿನವರಿಗೊಂದು ಗುಂಪು. ಮಕ್ಕಳಿಗೆ ಪುಟ್ಟ ಸುತ್ತು.

ನಿಮ್ಮ ರೇಸಿಗೆ ಒಂದೂವರೆ ಗಂಟೆ ಮೊದಲೇ ಹೋಗಿ. ನಂಬರ್ ಚೀಟಿಯನ್ನು ಬೆನ್ನಿಗೆ ಪಿನ್ನು ಹಾಕುವುದು ಒಬ್ಬರಿಂದಾಗುವ ಕೆಲಸವಲ್ಲ, ಪಕ್ಕದ ಕಾರಿನವರನ್ನು ಕೇಳಿ. ಪರಿಚಯವಾಗುವುದೇ ಹಾಗೆ. ರೇಸುಗಳ ನಡುವಿನ ಬಿಡುವಿನಲ್ಲಿ ದಾರಿಯನ್ನು ಎರಡು ಸುತ್ತು ಹಾಕಿ ನೋಡಿ, ಎಲ್ಲಿ ಇಳಿಯಬೇಕು, ಕೆಸರಿನಲ್ಲಿ ಯಾವ ಮಗ್ಗುಲು ಗಟ್ಟಿ ಎಂದು. ಆಮೇಲೆ ಮೈ ಬೆವರುವಷ್ಟು ತುಳಿಯಿರಿ. ಈ ರೇಸಿನಲ್ಲಿ ನಿಧಾನಕ್ಕೆ ಬಿಸಿಯಾಗುವ ಅವಕಾಶವಿಲ್ಲ, ಸೀಟಿ ಊದಿದ ಕ್ಷಣದಿಂದ ಎದೆ ಬಾಯಿಗೆ ಬರುತ್ತದೆ. ಕೂತು ಕೆಲಸ ಮಾಡಿ ವರ್ಷಗಳಾಗಿದ್ದರೆ, ನಲವತ್ತು ದಾಟಿದ್ದರೆ, ಮೊದಲೊಮ್ಮೆ ಡಾಕ್ಟರಿಗೆ ಎದೆ ತೋರಿಸಿಕೊಳ್ಳುವುದು ಒಳ್ಳೆಯದು.

ಮೊದಲ ಸಲ ಹಿಂದಿನ ಸಾಲಿನಲ್ಲಿ ನಿಲ್ಲಿ. ಎಲ್ಲರೂ ಮೊದಲ ತಿರುವಿಗೆ ನುಗ್ಗುತ್ತಾರೆ, ಅಲ್ಲಿ ಬಸ್ ಹತ್ತುವಾಗಿನ ನೂಕುನುಗ್ಗಲು. ಮೊದಲ ಸುತ್ತಿನಲ್ಲಿ ಉಸಿರು ಉಳಿಸಿಕೊಂಡವರಿಗೆ ಮೂರನೆಯದರಲ್ಲಿ ದಾಟಲು ಜನ ಸಿಗುತ್ತಾರೆ. ಹಿಂದಿನಿಂದ ವೇಗದವರು ಬಂದು ‘ಎಡಕ್ಕೆ’, ‘ಬಲಕ್ಕೆ’ ಎಂದು ಕೂಗಿದರೆ ಗಾಬರಿಯಾಗಿ ದಾರಿ ಬದಲಿಸಬೇಡಿ, ನಿಮ್ಮ ಗೆರೆಯಲ್ಲೇ ನೇರ ಹೋಗಿ. ದಾಟುವುದು ಅವರ ಜವಾಬ್ದಾರಿ.

ದಾರಿಯ ಪಕ್ಕ ಒಂದೆಡೆ ಪಿಟ್ ಎಂಬ ಜಾಗವಿರುತ್ತದೆ. ಚಕ್ರವನ್ನೋ ಇಡೀ ಸೈಕಲನ್ನೋ ಅಲ್ಲಿ ಬದಲಿಸಬಹುದು. ವೃತ್ತಿಪರರು ಕೆಸರು ಹೆಚ್ಚಿದ್ದಾಗ ಅರ್ಧ ಸುತ್ತಿಗೊಮ್ಮೆ ತೊಳೆದ ಸೈಕಲಿಗೆ ಹಾರುತ್ತಾರೆ, ಮೆತ್ತಿದ ಕೆಸರೇ ಎರಡು ಮೂರು ಕಿಲೋ ತೂಗುತ್ತದಲ್ಲ. 2016ರಲ್ಲಿ ಬೆಲ್ಜಿಯಂನ ಝೋಲ್ಡರಿನಲ್ಲಿ ವಿಶ್ವ ಸ್ಪರ್ಧೆ ನಡೆದಾಗ ಪಿಟ್ಟಿನಲ್ಲಿದ್ದ ಸೈಕಲೊಂದರ ಕಂಬಿಯೊಳಗೆ ಪುಟ್ಟ ಮೋಟಾರು ಸಿಕ್ಕಿ, ಯುವ ಸವಾರಳೊಬ್ಬಳಿಗೆ ಆರು ವರ್ಷ ನಿಷೇಧವಾಯಿತು. ನಮ್ಮ ಮಟ್ಟದಲ್ಲಿ ಪಿಟ್ ಎಂದರೆ ಹೆಂಡತಿಯ ಸೈಕಲನ್ನು ಬೇಲಿಗೆ ಒರಗಿಸಿಟ್ಟಿರುವುದು.

ಬೀಳುತ್ತೀರಿ. ವೇಗ ಕಡಿಮೆ, ನೆಲ ಮೆತ್ತಗೆ, ಕಾರುಗಳಿಲ್ಲ, ಹಾಗಾಗಿ ಹೆಚ್ಚಿನ ಬೀಳು ತರಚುಗಾಯಕ್ಕೆ, ನಗೆಗೆ ಮುಗಿಯುತ್ತವೆ. ಹೆಲ್ಮೆಟ್ ಕಡ್ಡಾಯ. ನನ್ನ ಮೊದಲ ರೇಸಿನ ನಾಲ್ಕನೇ ಸುತ್ತಿನಲ್ಲಿ ಕೈ ಸೋತು ಸೈಕಲ್ ಸಾಕಷ್ಟು ಎತ್ತಲಿಲ್ಲ. ಹಿಂಚಕ್ರ ಎರಡನೇ ಹಲಗೆಗೆ ಬಡಿದು, ಸೈಕಲ್ ಒಂದು ಕಡೆ ನಾನೊಂದು ಕಡೆ. ಬಾಯಿತುಂಬ ಹುಲ್ಲು. ಹಗ್ಗದಾಚೆ ನಿಂತಿದ್ದ ಆರೇಳು ವರ್ಷದ ಹುಡುಗಿಯೊಬ್ಬಳು ನನ್ನ ಮುಖದ ಹತ್ತಿರ ಬಗ್ಗಿ ಶಕ್ತಿಮೀರಿ ಗಂಟೆ ಬಾರಿಸಿದಳು, ಏಳುವವರೆಗೂ ನಿಲ್ಲಿಸಲಿಲ್ಲ.

ಗಂಟೆ, ವೇಷ, ಬೇಕನ್

ಹಗ್ಗದ ಆಚೆಯವರೂ ಈ ಆಟದ ಪಾಲುದಾರರು. ಒಂದೇ ಕಡೆ ನಿಂತರೆ ಹತ್ತು ಸಲ ಎಲ್ಲರೂ ಎದುರಿಗೆ ಬರುತ್ತಾರೆ, ಟಿಕೆಟ್ ಇಲ್ಲ. ಏರಿನಲ್ಲಿ ನಿಂತು ಒಂದು ಡಾಲರಿನ ನೋಟು, ಹುರಿದ ಬೇಕನ್ ಎಂಬ ಹಂದಿಮಾಂಸದ ತುಣುಕು, ಬಿಯರ್ ಲೋಟ ಚಾಚುವುದು ಅಮೆರಿಕದ ಹವ್ಯಾಸಿ ಕ್ರಾಸಿನ ತಮಾಷೆಗಳಲ್ಲೊಂದು. ಅಕ್ಟೋಬರ್ ಕೊನೆಗೆ ಕೊಲಂಬಿಯಾ ನದಿ ಸಮುದ್ರ ಸೇರುವ ಅಸ್ಟೋರಿಯಾ ಊರಿನಲ್ಲಿ ವೇಷ ಹಾಕುವ ಹ್ಯಾಲೋವೀನ್ ಹಬ್ಬದ ರೇಸು ನಡೆದಾಗ ಬಾಳೆಹಣ್ಣು, ಮಾಟಗಾತಿ, ಡೈನೋಸಾರುಗಳೆಲ್ಲ ಸೈಕಲ್ ಹೊತ್ತು ಓಡುತ್ತವೆ. ಇನ್ನು ಒಂದೇ ಗೇರಿನ ಸೈಕಲುಗಳಿಗೆಂದು ಹುಟ್ಟಿದ ಅಣಕು ‘ವಿಶ್ವ ಚಾಂಪಿಯನ್‌ಷಿಪ್’ ಒಂದಿದೆ. ಅದರಲ್ಲಿ ಗೆದ್ದವರು ಮೈಮೇಲೆ ಹಚ್ಚೆ ಹಾಕಿಸಿಕೊಳ್ಳಲೇಬೇಕು. ಗೆಲುವು ಹತ್ತಿರವಾದಾಗ ಮುಂದಿನವರು ಬ್ರೇಕು ಹಿಡಿದರೆ ಆಶ್ಚರ್ಯವಿಲ್ಲ.

ವಿಜಯಪುರ, ಬಾಗಲಕೋಟೆ ಕಡೆಯಿಂದ ಬಂದವರಿಗೆ ಸೈಕಲ್ ರೇಸು ಹೊಸದಲ್ಲ. ದೇಶಕ್ಕೆ ಸವಾರರನ್ನು ಕೊಟ್ಟ ನೆಲ ಅದು. ಆದರೆ ಅಲ್ಲಿಯ ಬಿಸಿಲು ರಸ್ತೆಯಲ್ಲಿ ಪಳಗಿದವರಿಗೂ ಕೆಸರಿನ ಮೊದಲ ತಿರುವು ಒಂದು ಸಲ ನೆಲ ತೋರಿಸುತ್ತದೆ.

ಮನೆಗೆ ಬಂದ ಮೇಲೆ

ಅರ್ಧ ಗಂಟೆಯ ರೇಸಿಗೆ ಒಂದು ಗಂಟೆಯ ತೊಳೆಯುವ ಕೆಲಸವಿದೆ ಎಂದು ಯಾರೂ ಮೊದಲೇ ಹೇಳುವುದಿಲ್ಲ, ನಾನು ಹೇಳಿಬಿಡುತ್ತೇನೆ. ಕಾರಿನ ಸೀಟಿಗೆ ಹಳೇ ಬೆಡ್‌ಶೀಟು, ಒಂದು ಜೊತೆ ಒಣ ಬಟ್ಟೆ, ಬಕೆಟ್ಟು, ಬ್ರಷ್ಷು ಒಯ್ಯಿರಿ. ಕೆಸರು ಹಸಿಯಿರುವಾಗಲೇ ನೀರು ಹಾಕಿ. ರಭಸದ ಪಂಪಿನಿಂದ ಚಕ್ರದ ನಡುವಿಗೆ, ಪೆಡಲಿನ ಅಚ್ಚಿಗೆ ಹೊಡೆದರೆ ನೀರು ಗ್ರೀಸನ್ನು ಕೊಚ್ಚಿ ಬೇರಿಂಗಿನೊಳಗೆ ಕೂರುತ್ತದೆ. ಮೆಲ್ಲಗೆ ಮೇಲಿನಿಂದ ಸುರಿಯಿರಿ. ಚೈನು ಒರೆಸಿ, ಒಂದೊಂದು ಕೊಂಡಿಗೂ ಒಂದೊಂದು ತೊಟ್ಟು ಎಣ್ಣೆ ಬಿಡಿ. ಹಿಂದಿನ ಹಲ್ಲುಚಕ್ರಗಳ ಸಂದಿಯಲ್ಲಿ ಹುಲ್ಲು ಹಗ್ಗ ಹೊಸೆದಂತೆ ಸುತ್ತಿಕೊಂಡಿರುತ್ತದೆ, ಅದಕ್ಕೆ ಹಳೇ ಟೂತ್‌ಬ್ರಷ್ಷೇ ಬೇಕು. ಶೂ ಒಳಗೆ ಪೇಪರ್ ಉಂಡೆ ತುರುಕಿ ಹೀಟರಿನ ಪಕ್ಕ ಇಡಿ, ಒಣಗಲು ಎರಡು ದಿನ. ಸಾಕ್ಸು ಮತ್ತೆ ಬಿಳಿಯಾಗುವುದಿಲ್ಲ. ಮುಂದಿನ ವಾರಕ್ಕೆ ಕಪ್ಪನೆಯದು ಕೊಳ್ಳಿ.